ಬಾವುಟಗುಡ್ಡೆಯ ಚಿತ್ರಗಳೂ ಪಕ್ಕಾಸಿನ ಸೌತೆಕಾಯಿಯೂ

ಹಂಪನಕಟ್ಟೆಯ ಜನಸಂದಣಿಯನ್ನು ಹಿಂದಕ್ಕೆ ಬಿಟ್ಟು ಬಾವುಟಗುಡ್ಡೆಯ ಏರನ್ನು ಹತ್ತುವ ಪ್ರವಾಸಿಗೆ ಮೊದಲು ದೊರಕುವುದು ಗಾಳಿ. ಕೆಳಗಿನ ಪೇಟೆಯಲ್ಲಿ ಬೆವರಿಗೆ ಅಂಟಿಕೊಂಡಿದ್ದ ಅಂಗಿ ಇಲ್ಲಿ ಮೈಯಿಂದ ಬಿಡಿಸಿಕೊಳ್ಳುತ್ತದೆ. ಈ ಗುಡ್ಡದ ಮೇಲೆ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಿದೆ. 1880ರಲ್ಲಿ ಯೇಸುಸಭೆಯ ಪಾದ್ರಿಗಳು ಆರಂಭಿಸಿದ ಕಾಲೇಜು ಅದು. ಈಗ ಪರಿಗಣಿತ ವಿಶ್ವವಿದ್ಯಾನಿಲಯದ ಹೆಸರನ್ನು ಪಡೆದಿದೆ. ಅದರ ಆವರಣದಲ್ಲಿ, 1880ರ ದಶಕದ ನಡುಭಾಗದಲ್ಲಿ ಕಟ್ಟಿದ ಪ್ರಾರ್ಥನಾಮಂದಿರವೊಂದುಂಟು. ಹೊರಗಿನಿಂದ ನೋಡಿದವರಿಗೆ ಅದು ಕರಾವಳಿಯ ಹಲವು ಇಗರ್ಜಿಗಳಲ್ಲಿ ಒಂದಾಗಿ ತೋರೀತು. ಬಾಗಿಲನ್ನು ದಾಟಿ ಒಳಗೆ ಕಾಲಿಟ್ಟವರು ಮಾತ್ರ ಒಂದು ಗಳಿಗೆ ನಿಂತುಬಿಡುತ್ತಾರೆ. ನೆಲವೊಂದನ್ನು ಬಿಟ್ಟರೆ, ಗೋಡೆ, ಕಮಾನು, ಇಳಿಜಾರಾದ ಮಾಳಿಗೆ, ಎಲ್ಲಿ ನೋಡಿದರೂ ಚಿತ್ರ.

ಪ್ರವಾಸಿಗಳ ತಲೆಗಳು ಒಮ್ಮೆಗೇ ಮೇಲಕ್ಕೆ ಏಳುತ್ತವೆ. ಮಾಳಿಗೆಯ ನಡುವೆ ಸಂತ ಅಲೋಶಿಯಸನ ಜೀವನದ ದೃಶ್ಯಗಳು. ಅವುಗಳ ಎರಡು ಮಗ್ಗುಲಲ್ಲಿ ಯೇಸುವಿನ ಶಿಷ್ಯರು, ಸಂತರು, ಸಂತರ ಸುತ್ತ ದೇವದೂತರು. ಬಂದವರು ಕತ್ತು ನೋಯುವವರೆಗೆ ಈ ಮುಖಗಳನ್ನು ನೋಡುತ್ತಾರೆ, ಹೆಸರುಗಳನ್ನು ಕೇಳುತ್ತಾರೆ, ಮಕ್ಕಳಿಗೆ ಬೆರಳೆತ್ತಿ ತೋರಿಸುತ್ತಾರೆ, ಹೊರಟುಹೋಗುತ್ತಾರೆ. ಸಂತರ ಸುತ್ತ ಹಬ್ಬಿದ ಹೂಮಾಲೆಗಳ ಕಡೆಗೆ ಕಣ್ಣು ಹಾಯಿಸುವವರು ಹತ್ತರಲ್ಲಿ ಒಬ್ಬರಿದ್ದರೆ ಹೆಚ್ಚು. ಕಲ್ಲಿನಲ್ಲಿ ಕೆತ್ತಿದಂತೆ ತೋರುವ ಅಂಚುಪಟ್ಟಿಯನ್ನು ಕಂಡು, ಅದು ಕೆತ್ತನೆಯೋ ಬರೆದದ್ದೋ ಎಂದು ಅನುಮಾನಪಡುವವರು ಇನ್ನೂ ಕಡಿಮೆ. ಅನುಮಾನ ಬಂದು ಗೋಡೆಯ ಬಳಿಗೆ ಹೋಗಿ ನೋಡಿದವನಿಗೆ, ಕಲ್ಲೆಂದುಕೊಂಡದ್ದು ಬರಿಯ ನೆರಳು ಬೆಳಕಿನ ಬಣ್ಣವೆಂದು ತಿಳಿದು ನಗೆ ಬರುತ್ತದೆ. ಇಂಥ ಹೂವು, ಹಣ್ಣು, ಪಾತ್ರೆ, ಬಟ್ಟೆಯ ಮಡಿಕೆ, ಅಲುಗದೆ ಬಿದ್ದಿರುವ ವಸ್ತುಗಳನ್ನು ಮಾತ್ರವೇ ಬರೆಯುವ ಕಲೆಗೆ ಚಿತ್ರಶಾಲೆಗಳಲ್ಲಿ ವಸ್ತುಚಿತ್ರವೆಂದು ಹೆಸರು. ಸ್ಟಿಲ್ ಲೈಫ್ ಎಂಬ ಮಾತೂ ಅಷ್ಟೇ ಬಳಕೆಯಲ್ಲಿದೆ. ಬಾವುಟಗುಡ್ಡೆಯ ಮಂದಿರವನ್ನು ಯಾರೂ ವಸ್ತುಚಿತ್ರದ ಮಂದಿರವೆಂದು ಹೇಳಲಾರರು. ಆದರೆ ಸಂತರನ್ನು ಬಿಟ್ಟು ಅವರ ಸುತ್ತಲಿನ ಹೂವಿನಿಂದ ನೋಟವನ್ನು ಆರಂಭಿಸಿದವನಿಗೆ ಮಂಗಳೂರು ಬೇರೆಯೇ ಒಂದು ಊರಾಗಿ ತೋರುತ್ತದೆ.

ಇವುಗಳನ್ನು ಬರೆದವರು ಆಂಟೊನಿಯೊ ಮೊಸ್ಕೇನಿ. ಉತ್ತರ ಇಟಲಿಯ ಬೆರ್ಗಾಮೊ ನಗರಕ್ಕೆ ಹತ್ತಿರದ ಸ್ಟೆಜ್ಜಾನೊ ಎಂಬ ಹಳ್ಳಿಯಲ್ಲಿ 1854ರಲ್ಲಿ ಹುಟ್ಟಿದ ಅವರು ಬೆರ್ಗಾಮೊದ ಕರ್ರಾರಾ ಚಿತ್ರಶಾಲೆಯಲ್ಲಿ ಕಲಿತು, ರೋಮಿಗೆ ಹೋಗಿ ಅಲ್ಲಿನ ಭಿತ್ತಿಚಿತ್ರಗಳನ್ನು ಅಭ್ಯಾಸಮಾಡಿದರು. ಕುಂಚಕ್ಕೆ ಹೆಸರು ಬರುತ್ತಿದ್ದ ಕಾಲದಲ್ಲಿ, 1889ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ಯೇಸುಸಭೆಯನ್ನು ಸೇರಿದರು. ಸೇರಿದ್ದು ಪಾದ್ರಿಯಾಗಿ ಅಲ್ಲ, ಸೋದರನಾಗಿ. ಪೂಜೆಮಾಡಿಸುವ ಅಧಿಕಾರ ಸೋದರನಿಗಿಲ್ಲ. ಅಡಿಗೆ, ಬಡಗಿತನ, ತೋಟ, ಹೊಲಿಗೆ ಮೊದಲಾದ ಕೈಕೆಲಸಗಳಿಂದ ಸಭೆಯನ್ನು ನಡೆಸುವವನು ಅವನು. ಮೊಸ್ಕೇನಿಯವರ ಕೈಕೆಲಸ ಚಿತ್ರವಾಗಿತ್ತು, ಅಷ್ಟೆ. 1898ರಲ್ಲಿ ಮಂಗಳೂರಿಗೆ ಬಂದಿಳಿದ ಅವರು 1899ರಿಂದ 1901ರವರೆಗೆ ಈ ಮಂದಿರದ ಗೋಡೆಗಳ ಮುಂದೆ ಅಟ್ಟಣೆಯ ಮೇಲೆ ನಿಂತು ಕಳೆದರು. ಎರಡು ವರ್ಷಗಳಲ್ಲಿ ಇಷ್ಟೊಂದು ಮೈಯನ್ನು ಬಣ್ಣದಿಂದ ತುಂಬಿದರೆಂಬುದನ್ನು ನೆನೆದರೆ, ಊಟ ನಿದ್ರೆಗಳಿಗೆ ಅವರಿಗೆ ಎಷ್ಟು ಹೊತ್ತು ಉಳಿಯುತ್ತಿತ್ತೆಂಬ ಲೆಕ್ಕ ಯಾರಿಗಾದರೂ ಹುಟ್ಟುತ್ತದೆ.

ಮಾಳಿಗೆಯ ಚಿತ್ರಗಳು ಕ್ಯಾನ್‌ವಾಸಿನ ಮೇಲೆ ಎಣ್ಣೆಬಣ್ಣದಿಂದ ಬರೆದವು. ಗೋಡೆಯವು ಫ್ರೆಸ್ಕೊ. ಹಸಿಯಾಗಿರುವ ಸುಣ್ಣದ ಗಾರೆಯ ಮೇಲೆ, ನೀರಿನಲ್ಲಿ ಅರೆದ ಬಣ್ಣವನ್ನು ಹಚ್ಚುವುದು ಫ್ರೆಸ್ಕೊದ ಕ್ರಮ. ಗಾರೆ ಒಣಗುವಾಗ ಸುಣ್ಣವು ಗಾಳಿಯೊಡನೆ ಕೂಡಿ ಮತ್ತೆ ಕಲ್ಲಿನ ಗುಣವನ್ನು ಪಡೆಯುತ್ತದೆ. ಬಣ್ಣದ ಕಣಗಳು ಅದರಲ್ಲಿ ಸೆರೆಯಾಗುತ್ತವೆ. ಅಂಟಿನ ಗೊಡವೆಯಿಲ್ಲ, ಉಜ್ಜಿದರೆ ಹೋಗುವ ಭಯವಿಲ್ಲ. ಆದರೆ ಆ ದಿನ ಎಷ್ಟು ಬರೆಯಬಹುದೋ ಅಷ್ಟಕ್ಕೆ ಮಾತ್ರ ಬೆಳಗ್ಗೆ ಗಾರೆ ಬಳಿಯಬೇಕು. ಅದು ಒಣಗುವುದರೊಳಗೆ ಬರೆದು ಮುಗಿಸಬೇಕು. ತಪ್ಪಿದರೆ ತಿದ್ದುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಹಸಿಯಲ್ಲಿ ಗಾಢವಾಗಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ, ನಾಳೆ ಕಾಣುವ ಬಣ್ಣವನ್ನು ಇಂದೇ ಊಹಿಸಿಕೊಂಡು ಹಚ್ಚಬೇಕು. ಸಂತನ ಮುಖಕ್ಕೆ ಎಷ್ಟು ಅವಸರವೋ ಅಂಚಿನ ಗುಲಾಬಿಗೂ ಅಷ್ಟೇ ಅವಸರ. ಸುಣ್ಣಕ್ಕೆ ಮೇಲು ಕೀಳೆಂಬ ಭೇದ ಗೊತ್ತಿಲ್ಲ.

ಭೇದವನ್ನು ಮಾಡಿದವರು ಪಂಡಿತರು. 1667ರಲ್ಲಿ ಫ್ರಾನ್ಸಿನ ಚಿತ್ರಕಲಾ ಅಕಾಡೆಮಿಯ ಪರವಾಗಿ ಫೆಲಿಬಿಯೆನ್ ಎಂಬ ವಿದ್ವಾಂಸ ಚಿತ್ರಗಳಿಗೆ ಒಂದು ಮೆಟ್ಟಿಲುಸಾಲನ್ನು ಕಟ್ಟಿದ. ದೇವರು, ವೀರರು, ಇತಿಹಾಸ ಇವುಗಳನ್ನು ಬರೆಯುವವನು ಮೇಲಿನ ಮೆಟ್ಟಿಲಲ್ಲಿ. ಮನುಷ್ಯರ ಭಾವಚಿತ್ರ ಬರೆಯುವವನು ಅವನ ಕೆಳಗೆ. ಜೀವಂತ ಪ್ರಾಣಿ, ನಿಸರ್ಗದೃಶ್ಯ ಇವುಗಳದು ಇನ್ನೂ ಕೆಳಗೆ. ಹಣ್ಣು ಹೂವು ಚಿಪ್ಪುಗಳನ್ನು ಬರೆಯುವವನು ಎಲ್ಲರಿಗಿಂತ ಕೆಳಗೆ. ಮುಂದೆ ಬಹುಕಾಲ ಯೂರೋಪಿನ ಚಿತ್ರಶಾಲೆಗಳು ಈ ಸಾಲನ್ನೇ ಪಾಠವಾಗಿ ಒಪ್ಪಿದವು. ಅಲುಗದ ವಸ್ತುವಿನಲ್ಲಿ ಬರೆಯುವುದಕ್ಕೆ ಏನಿದೆ ಎಂಬುದು ಅವರ ಪ್ರಶ್ನೆ. ಸಭೆಯಲ್ಲಿ ಕೆಳಗಿನ ಮೆಟ್ಟಿಲನ್ನು ತಾವಾಗಿಯೇ ಆರಿಸಿಕೊಂಡ ಮೊಸ್ಕೇನಿಯವರು ಹೂಮಾಲೆಗೂ ಸಂತನಿಗೂ ಒಂದೇ ಶ್ರದ್ಧೆಯನ್ನು ಕೊಟ್ಟದ್ದು ಆ ಪ್ರಶ್ನೆಗೆ ಒಂದು ಉತ್ತರವೆನ್ನಬಹುದು.

ಪ್ರಶ್ನೆ ಮಾತ್ರ ಫೆಲಿಬಿಯೆನ್ನನಿಗಿಂತ ಹಳೆಯದು. ರೋಮಿನ ಪ್ಲಿನಿ ತನ್ನ ಗ್ರಂಥದಲ್ಲಿ ಪಿರಾಯಿಕೋಸ್ ಎಂಬ ಗ್ರೀಕ್ ಚಿತ್ರಗಾರನ ವಿಷಯವನ್ನು ಹೇಳಿದ್ದಾನೆ. ಕ್ಷೌರದಂಗಡಿ, ಚಮ್ಮಾರನ ಕಟ್ಟೆ, ಕತ್ತೆ, ತಿನ್ನುವ ಪದಾರ್ಥಗಳು ಇವನ್ನು ಬಿಟ್ಟು ಆತ ಬೇರೆ ಬರೆಯಲಿಲ್ಲ. ಜನ ಅವನಿಗೆ ಕೀಳು ವಸ್ತುಗಳ ಚಿತ್ರಗಾರನೆಂದು ಅಡ್ಡಹೆಸರಿಟ್ಟರು. ಆದರೆ ಇತರರ ದೊಡ್ಡ ಚಿತ್ರಗಳಿಗಿಂತ ಅವನ ಚಿಕ್ಕ ಚಿತ್ರಗಳಿಗೇ ಹೆಚ್ಚು ಬೆಲೆ ಕೊಟ್ಟು ಕೊಂಡರು. ಮಾತಿಗೂ ಕಿಸೆಗೂ ಇರುವ ಈ ಜಗಳ ಇಂದಿಗೂ ತೀರಿದಂತಿಲ್ಲ. ಕ್ರಿ.ಶ. 79ರಲ್ಲಿ ವಿಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೆಯ, ಹರ್ಕ್ಯುಲೇನಿಯಮ್ ಊರುಗಳ ಮನೆಗೋಡೆಗಳಲ್ಲಿ ಗಾಜಿನ ಪಾತ್ರೆಯ ನೀರು, ಪಕ್ಕದಲ್ಲಿ ಪೀಚ್ ಹಣ್ಣು, ಹೀಗೆ ಫ್ರೆಸ್ಕೊಗಳು ದೊರೆತಿವೆ. ಇಂಥ ಚಿತ್ರಗಳನ್ನು ರೋಮಿನವರು ಅತಿಥಿಗೆ ಕೊಡುವ ಕಾಣಿಕೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಆ ಮನೆಯ ಯಜಮಾನರು ಹೋದರು, ಊರು ಹೋಯಿತು, ಲೋಟದ ನೀರಿನ ಮೇಲೆ ಬಿದ್ದ ಬೆಳಕು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿ ಹಾಗೆಯೇ ಇದೆ.

ಭಾರತದಲ್ಲಿ ವಸ್ತುಚಿತ್ರವೆಂದು ಬೇರೆಯೇ ಒಂದು ಜಾತಿ ಹಿಂದೆ ಇರಲಿಲ್ಲ. ಅಜಂತೆಯ ಮಾಳಿಗೆಗಳಲ್ಲಿ ಹಣ್ಣು ಹೂಗಳುಂಟು, ಜಹಾಂಗೀರನ ಆಸ್ಥಾನದ ಮನ್ಸೂರ್ ಬರೆದ ಹೂಗಿಡಗಳುಂಟು. ಆದರೆ ಮೇಜಿನ ಮೇಲೆ ನಾಲ್ಕು ಪಾತ್ರೆಗಳನ್ನಿಟ್ಟು ಬರೆಯುವ ಪದ್ಧತಿ ಬಂದದ್ದು ಆಂಗ್ಲರ ಕಾಲದ ಚಿತ್ರಶಾಲೆಗಳ ಮೂಲಕ.

ಮೊಸ್ಕೇನಿಯವರ ಬೆರ್ಗಾಮೊಗೆ ಈ ಕಥೆಯಲ್ಲಿ ವಿಶೇಷವಾದ ಸ್ಥಾನವಿದೆ. ಅವರಿಗಿಂತ ಎರಡು ಶತಮಾನ ಮೊದಲು ಅದೇ ಊರಿನಲ್ಲಿ ಎವಾರಿಸ್ಟೊ ಬಾಸ್ಕೇನಿಸ್ ಎಂಬ ಪಾದ್ರಿಯಿದ್ದ (1617-1677). ಆತ ತನ್ನ ಜೀವಮಾನದಲ್ಲಿ ಹೆಚ್ಚಾಗಿ ಬರೆದದ್ದು ವಾದ್ಯಗಳನ್ನು. ಲ್ಯೂಟ್, ಪಿಟೀಲು, ಗಿಟಾರು ಇವು ಮೇಜಿನ ಮೇಲೆ ಬೋರಲಾಗಿ, ಓರೆಯಾಗಿ ಬಿದ್ದಿರುತ್ತವೆ. ಬಾರಿಸುವವರು ಯಾರೂ ಇಲ್ಲ. ಹತ್ತಿರ ಹೋಗಿ ನೋಡಿದರೆ ಲ್ಯೂಟಿನ ಬುರುಡೆಯಾಕಾರದ ಬೆನ್ನಿನ ಮೇಲೆ ಧೂಳು ಕುಳಿತಿದೆ. ಆ ಧೂಳಿನಲ್ಲಿ ಯಾರೋ ಬೆರಳು ಎಳೆದ ಗೀರುಗಳಿವೆ. ಗುಡಿಸಲು ಬಂದ ಹುಡುಗನೋ, ಹಾದುಹೋದ ಮಗುವೋ, ಬೆರಳು ಮಾತ್ರ ಬಂದು ಹೋಗಿದೆ. ಸಂಗೀತ ನಿಂತು ಎಷ್ಟು ದಿನವಾಯಿತೆಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ಕಷ್ಟ. ಇಂಥ ಚಿತ್ರ ಹುಟ್ಟಿದ ಊರಿನಲ್ಲಿ ಮೊಸ್ಕೇನಿಯವರು ಕುಂಚ ಹಿಡಿಯುವುದನ್ನು ಕಲಿತರು. ಬಾಸ್ಕೇನಿಸನ ಚಿತ್ರಗಳನ್ನು ನೋಡಬಯಸುವವರು ಇಂದು ಹೋಗಬೇಕಾದದ್ದೂ ಅದೇ ಕರ್ರಾರಾ ಸಂಸ್ಥೆಯ ಸಂಗ್ರಹಾಲಯಕ್ಕೆ.

ಸಂತ ಅಲೋಶಿಯಸನ ಕಥೆಗೂ ಇಂಥ ವಸ್ತುಗಳಿಗೂ ಹಳೆಯ ನಂಟು. 1568ರಲ್ಲಿ ಇಟಲಿಯ ಗೊನ್ಸಾಗಾ ಮನೆತನದಲ್ಲಿ ಹುಟ್ಟಿದ ಈ ಹುಡುಗ ಹಿರಿಯ ಮಗನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆಮಾಡುತ್ತ ತಾನೂ ರೋಗ ತಗಲಿ ಇಪ್ಪತ್ತಮೂರನೆಯ ವಯಸ್ಸಿಗೆ ತೀರಿಕೊಂಡ. ಯೂರೋಪಿನ ಚಿತ್ರಗಾರರು ಇವನನ್ನು ಗುರುತಿಸುವುದು ಮುಖದಿಂದಲ್ಲ, ಪಕ್ಕದಲ್ಲಿಟ್ಟ ವಸ್ತುಗಳಿಂದ: ಬದಿಗೆ ಸರಿಸಿದ ಕಿರೀಟ, ಒಂದು ಲಿಲ್ಲಿ ಹೂವು, ಶಿಲುಬೆ, ಕೆಲವೊಮ್ಮೆ ತಲೆಬುರುಡೆ. ಇವುಗಳಿಂದ ಸಂತನನ್ನು ತೆಗೆದು ನೋಡಿದರೆ ಉಳಿಯುವುದು ಹದಿನೇಳನೆಯ ಶತಮಾನದ ಹಾಲೆಂಡಿನವರು ಮನೆಮನೆಗೆ ಕೊಂಡು ತೂಗುಹಾಕಿದ ವ್ಯಾನಿಟಾಸ್ ಎಂಬ ಜಾತಿಯ ವಸ್ತುಚಿತ್ರ: ಬುರುಡೆ, ಆರಿದ ದೀಪ, ಬಾಡುವ ಹೂ, ಮಗುಚಿದ ಲೋಟ. ಡಚ್ಚರೇ ಈ ಕಲೆಗೆ ನಿಶ್ಚಲ ಜೀವವೆಂಬ ಅರ್ಥದ ಹೆಸರನ್ನು ಕೊಟ್ಟವರು. ಫ್ರೆಂಚರು ಮುಂದೆ ಅದನ್ನು ಸತ್ತ ಪ್ರಕೃತಿಯೆಂದರು. ಎರಡು ಹೆಸರುಗಳ ನಡುವೆ ಆರಿಸುವುದಾದರೆ ಡಚ್ಚರ ಹೆಸರೇ ನ್ಯಾಯವಾದದ್ದು. ಕಾರವಾಜ್ಜೊ 1599ರ ಸುಮಾರಿಗೆ ಬರೆದು ಈಗ ಮಿಲಾನಿನಲ್ಲಿರುವ ಹಣ್ಣಿನ ಬುಟ್ಟಿಯಲ್ಲಿ ಸೇಬಿಗೆ ಹುಳು ಕೊರೆದ ತೂತಿದೆ, ದ್ರಾಕ್ಷಿಯ ಎಲೆ ಒಣಗಿ ಮುರುಟಿದೆ. ಸತ್ತದ್ದಾಗಿದ್ದರೆ ಹುಳು ಏಕೆ ಬರುತ್ತಿತ್ತು?

ಗುಡ್ಡವನ್ನು ಇಳಿದು ಊರೊಳಗೆ ಬಂದರೆ ವಸ್ತುಚಿತ್ರ ಮಂಗಳೂರಿನ ಹಲವು ಕೊಠಡಿಗಳಲ್ಲಿ ಇಂದಿಗೂ ನಡೆಯುತ್ತಿರುವುದನ್ನು ಕಾಣಬಹುದು. ಬಿ. ಜಿ. ಮಹಮ್ಮದರಂಥ ಹಿರಿಯ ಕಲಾವಿದರು ಈ ಊರಿನಲ್ಲಿ ಅನೇಕರ ಕೈಗೆ ಕುಂಚವನ್ನು ಕೊಟ್ಟು ಹೋಗಿದ್ದಾರೆ. ಮಹಾಲಸಾ ದೃಶ್ಯಕಲಾ ಮಹಾವಿದ್ಯಾಲಯವಿದೆ. ಇವಲ್ಲದೆ ಭಾನುವಾರ ಬೆಳಗ್ಗೆ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುವ ಚಿಕ್ಕ ತರಗತಿಗಳಿಗೂ ಕೊರತೆಯಿಲ್ಲ. ಲೋಯರ್, ಹೈಯರ್ ಎಂದು ಕರೆಯುವ ಚಿತ್ರಕಲಾ ಪರೀಕ್ಷೆಗಳಿಗೆ ಕೂಡುವ ಮಕ್ಕಳು ವಸ್ತುಚಿತ್ರದ ಹೊಸ್ತಿಲನ್ನು ದಾಟಿಯೇ ಮುಂದೆ ಹೋಗಬೇಕು.

ತರಗತಿಯ ಏರ್ಪಾಡು ಎಲ್ಲೆಡೆಯೂ ಹೆಚ್ಚು ಕಡಿಮೆ ಒಂದೇ. ಕಿಟಕಿಯ ಪಕ್ಕಕ್ಕೆ ಒಂದು ಸ್ಟೂಲು. ಅದರ ಮೇಲೆ ಮಡಿಕೆಬಿದ್ದ ಒಂದು ಬಟ್ಟೆ. ಬಟ್ಟೆಯ ಮೇಲೆ ಹಿತ್ತಾಳೆಯ ಗಿಂಡಿ, ಸುಲಿಯದ ತೆಂಗಿನಕಾಯಿ, ಒಂದು ಸೌತೆಕಾಯಿ, ಕಾಲಕ್ಕೆ ಸಿಕ್ಕಿದರೆ ಎರಡು ಮಾವಿನಹಣ್ಣು. ಬೆಳಕು ಒಂದೇ ಕಡೆಯಿಂದ ಬೀಳಬೇಕು. ಎರಡು ಕಡೆಯಿಂದ ಬಂದರೆ ನೆರಳು ನೆರಳನ್ನು ತಿನ್ನುತ್ತದೆ. ಮಕ್ಕಳು ಒಂದು ಕಣ್ಣನ್ನು ಮುಚ್ಚಿ, ಕೈಯನ್ನು ನೀಳವಾಗಿ ಚಾಚಿ, ಪೆನ್ಸಿಲಿನಿಂದ ಗಿಂಡಿಯ ಎತ್ತರವನ್ನು ಅಳೆಯುತ್ತಾರೆ. ಹೊಸಬರು ಮಾಡುವ ಮೊದಲ ತಪ್ಪು ಎಂದಿಗೂ ಒಂದೇ. ಗಿಂಡಿಯ ಬಾಯಿ ದುಂಡಗಿದೆಯೆಂದು ಅವರಿಗೆ ಗೊತ್ತಿದೆ. ಆದುದರಿಂದ ದುಂಡಗೆ ಬರೆಯುತ್ತಾರೆ. ಕೂತ ಕಡೆಯಿಂದ ಅದು ಮೊಟ್ಟೆಯಂತೆ ಚಪ್ಪಟೆಯಾಗಿ ಕಾಣುತ್ತಿದೆ. ಗಿಂಡಿಯ ತಳವನ್ನು ನೇರ ಗೆರೆಯಲ್ಲಿ ಬರೆಯುತ್ತಾರೆ, ಏಕೆಂದರೆ ಅದು ನೆಲದ ಮೇಲೆ ಸಮನಾಗಿ ಕುಳಿತಿದೆಯಲ್ಲ! ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋದಷ್ಟೂ ವೃತ್ತವು ಹೆಚ್ಚು ದುಂಡಗಾಗುವುದರಿಂದ ತಳದ ಗೆರೆ ಬಾಯಿಯ ಗೆರೆಗಿಂತ ಹೆಚ್ಚು ಬಾಗಿರಬೇಕು. ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಬರೆಯುವ ಈ ಪಾಠಕ್ಕೆ ಕೆಲವರಿಗೆ ಒಂದು ತಿಂಗಳು ಸಾಕು. ಕೆಲವರಿಗೆ ಆಯುಷ್ಯವೂ ಸಾಲದು.

ಬಣ್ಣಕ್ಕೆ ಬಂದಾಗ ಸೌತೆಕಾಯಿ ಒಳ್ಳೆಯ ಗುರು. ಮಂಗಳೂರು ಸೌತೆಯೆಂದು ಹೆಸರಾದ ಈ ಕಾಯಿ ಬಲಿತ ಮೇಲೆ ಕಿತ್ತಳೆ ಬೆರೆತ ಹಳದಿಗೆ ತಿರುಗುತ್ತದೆ. ಮೈಮೇಲೆ ಹಸುರಿನ ಮಚ್ಚೆಗಳೂ ಪಟ್ಟೆಗಳೂ ಉಳಿದಿರುತ್ತವೆ. ಅದರ ನೆರಳಿನ ಕಡೆಯನ್ನು ಕಪ್ಪಿನಿಂದ ತೀಡಿದ ಹುಡುಗನಿಗೆ ಮೇಷ್ಟರು ಹತ್ತಿರ ಕರೆದು ತೋರಿಸುವುದುಂಟು: ನೆರಳಿನೊಳಗೂ ಬೆಳಕಿದೆ, ಪಕ್ಕದ ಹಿತ್ತಾಳೆಯ ಹೊಳಪು ಕಾಯಿಯ ಹೊಟ್ಟೆಯ ಮೇಲೆ ಬಿದ್ದಿದೆ, ಕಾಯಿಯ ಹಳದಿ ಹಿತ್ತಾಳೆಯೊಳಗೆ ಬಾಗಿದ ಪಟ್ಟೆಯಾಗಿ ಕಾಣುತ್ತಿದೆ. ಒಂದು ವಸ್ತು ಇನ್ನೊಂದರ ಬಣ್ಣವನ್ನು ಹೀಗೆ ಸಾಲ ಪಡೆಯುತ್ತದೆಂದು ತಿಳಿದ ಹುಡುಗ ಮನೆಗೆ ಹೋಗಿ ಅಡಿಗೆಮನೆಯ ಪಾತ್ರೆಗಳನ್ನು ದಿಟ್ಟಿಸತೊಡಗುತ್ತಾನೆ. ತಾಯಿ ಅವನಿಗೆ ಹಸಿವಾಗಿದೆಯೆಂದು ಭಾವಿಸುತ್ತಾಳೆ.

ಆಷಾಢದಲ್ಲಿ ಈ ತರಗತಿಗಳ ಕಷ್ಟ ಬೇರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು. ಜಲವರ್ಣದ ಕಾಗದ ಬಣ್ಣ ತಗಲುವ ಮೊದಲೇ ತೇವದಿಂದ ಮೆತ್ತಗಾಗಿರುತ್ತದೆ. ಒಮ್ಮೆ ಹಚ್ಚಿದ ಬಣ್ಣ ಒಣಗದೆ ಮುಂದಿನ ಬಣ್ಣದೊಳಕ್ಕೆ ಹರಿಯುತ್ತದೆ. ಮಾವಿನಹಣ್ಣು ಒಂದು ವಾರದಿಂದ ಇನ್ನೊಂದು ವಾರಕ್ಕೆ ಉಳಿಯುವುದಿಲ್ಲ. ಈ ತೊಂದರೆಗೆ ಅಂಜಿ ಪ್ಲಾಸ್ಟಿಕ್ಕಿನ ಹಣ್ಣುಗಳನ್ನು ಇಡುವವರೂ ಇದ್ದಾರೆ. ಸೆಜಾನನೂ ಹೂಗಳು ಬಾಡುವಷ್ಟು ನಿಧಾನವಾಗಿ ಬರೆಯುತ್ತಿದ್ದುದರಿಂದ ಕಾಗದದ ಹೂಗಳನ್ನಿಟ್ಟುಕೊಳ್ಳುತ್ತಿದ್ದನಂತೆ; ಅಂಥವನಿಗೆ ಅದು ಸಲ್ಲುತ್ತದೆ. ಮಕ್ಕಳಿಗೆ ಸಲ್ಲದು. ಪ್ಲಾಸ್ಟಿಕ್ ಮಾವಿಗೆ ತೊಟ್ಟಿನ ಸೊನೆಯಿಲ್ಲ, ಬಿದ್ದ ಪೆಟ್ಟಿನ ಕಂದಿಲ್ಲ, ಒಂದು ಮಗ್ಗುಲು ಮೊದಲು ಹಣ್ಣಾಗುವುದೆಂಬುದಿಲ್ಲ. ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದು, ಅದನ್ನು ನೋಡಿ ಬರೆಯುವ ಅಭ್ಯಾಸವೂ ಈಚೆಗೆ ಹಬ್ಬಿದೆ. ಯಂತ್ರದ ಕಣ್ಣು ಒಂದು ಗಳಿಗೆಯನ್ನು ಹಿಡಿಯುತ್ತದೆ. ಮೂರು ಗಂಟೆಗಳ ಕಾಲ ಗಿಂಡಿಯ ಮುಂದೆ ಕುಳಿತವನ ಕಣ್ಣಿಗೆ ಬೆಳಕು ಜರುಗುವುದೂ ಕಾಣುತ್ತದೆ.

ಇಟಲಿಯ ಬೊಲೊನ್ಯದಲ್ಲಿ ಜೋರ್ಜೊ ಮೊರಾಂಡಿ (1890-1964) ಎಂಬ ಚಿತ್ರಗಾರನಿದ್ದ. ಹಳೆಯ ಬಾಟಲಿ, ಹೂಜಿ, ಡಬ್ಬಗಳನ್ನು ಸ್ಥಳ ಬದಲಿಸಿ ಬದಲಿಸಿ ಇಟ್ಟು ದಶಕಗಳ ಕಾಲ ಅವನ್ನೇ ಬರೆದ. ಅವುಗಳ ಮೇಲೆ ಕುಳಿತ ಧೂಳನ್ನು ಒರೆಸಗೊಡುತ್ತಿರಲಿಲ್ಲ. ಬಾಸ್ಕೇನಿಸನ ಲ್ಯೂಟಿನ ಮೇಲೆ ಕುಳಿತಿದ್ದ ಧೂಳು ಮೂರು ಶತಮಾನ ಕಳೆದು ಇಲ್ಲಿಗೆ ಬಂದು ಇಳಿದಂತಿದೆ. ಇಪ್ಪತ್ತನೆಯ ಶತಮಾನದಲ್ಲಿ ಫೆಲಿಬಿಯೆನ್ನನ ಮೆಟ್ಟಿಲುಸಾಲು ಬಿದ್ದುಹೋಯಿತೆಂಬುದಕ್ಕೆ ಮೊರಾಂಡಿಯೊಬ್ಬನೇ ಸಾಕ್ಷಿ ಸಾಕು.

ತರಗತಿಯ ಸೌತೆಕಾಯಿ ಬಂದದ್ದು ಎಲ್ಲಿಂದ ಎಂದು ಹಿಂಬಾಲಿಸಿದರೆ ತುಳುನಾಡಿನ ಹಳೆಯ ಮನೆಯೊಂದರ ಒಳಗೆ ಹೋಗಿ ನಿಲ್ಲಬೇಕಾಗುತ್ತದೆ. ಬೇಸಗೆಯಲ್ಲಿ ಬೆಳೆದ ಸೌತೆಯನ್ನು ಮಳೆಗಾಲಕ್ಕೆ ಕೂಡಿಡುವ ಉಪಾಯ ಈ ಸೀಮೆಯವರದು. ಕಾಯಿ ಕಾಯಿಗೂ ಬಾಳೆಯ ನಾರನ್ನೋ ತೆಂಗಿನ ಗರಿಯನ್ನೋ ಸುತ್ತಿ, ಮಾಡಿನ ಪಕ್ಕಾಸಿಗೆ ಸಾಲಾಗಿ ತೂಗುಹಾಕುತ್ತಾರೆ. ನೆಲ ತಾಗದೆ, ಒಂದಕ್ಕೊಂದು ತಗಲದೆ, ಗಾಳಿಯಾಡುವಂತೆ ತೂಗಿದ ಕಾಯಿ ಕೊಳೆಯದೆ ತಿಂಗಳುಗಟ್ಟಲೆ ಇರುತ್ತದೆ. ಹೊರಗೆ ಮಳೆ ಹುಯ್ಯುವಾಗ, ಒಳಗಿನ ಕತ್ತಲೆಯಲ್ಲಿ, ಹೆಂಚಿನ ನಡುವಿನ ಗಾಜಿನಿಂದ ಇಳಿದ ಬೆಳಕಿನಲ್ಲಿ ಈ ಹಳದಿಯ ಸಾಲು ಹೊಳೆಯುವುದನ್ನು ಕಂಡವರು ಮರೆಯಲಾರರು. ಈಗಿನ ತಾರಸಿಯ ಮನೆಗಳಲ್ಲಿ ಪಕ್ಕಾಸೂ ಇಲ್ಲ, ನಾರನ್ನು ಸುತ್ತುವ ಕೈಗಳೂ ಕಡಿಮೆ.

ಇದನ್ನೇ ಹೋಲುವ ಚಿತ್ರವೊಂದು ಅಮೆರಿಕದ ಸಾನ್ ಡಿಯೇಗೊ ವಸ್ತುಸಂಗ್ರಹಾಲಯದಲ್ಲಿದೆಯೆಂದರೆ ತುಳುನಾಡಿನ ಗೃಹಿಣಿಯರು ನಂಬುವುದು ಕಷ್ಟ. 1602ರ ಸುಮಾರಿಗೆ ಸ್ಪೇನಿನ ಹುವಾನ್ ಸಾಂಚೆಜ್ ಕೊತಾನ್ ಬರೆದದ್ದು ಅದು. ಕಲ್ಲಿನ ಕಿಟಕಿಯ ಚೌಕಟ್ಟು; ಹಿಂದೆ ಗಾಢವಾದ ಕತ್ತಲೆ. ಮೇಲಿನಿಂದ ದಾರದಲ್ಲಿ ಒಂದು ಕ್ವಿನ್ಸ್ ಹಣ್ಣು ತೂಗುತ್ತಿದೆ, ಅದಕ್ಕಿಂತ ಕೆಳಗೆ ಇನ್ನೊಂದು ದಾರದಲ್ಲಿ ಎಲೆಕೋಸು. ಕಟ್ಟೆಯ ಮೇಲೆ ಕೊಯ್ದ ಕರಬೂಜ, ಕೊನೆಯಲ್ಲಿ ಅಂಚಿನಿಂದ ಹೊರಚಾಚಿದ ಒಂದು ಸೌತೆಕಾಯಿ. ತೂಗುಹಾಕಿದ್ದು ಅಲ್ಲಿಯೂ ಕೊಳೆಯದಿರಲೆಂದೇ. ಆದರೆ ಎಲೆಕೋಸಿನ ಒಂದೊಂದು ನರವೂ ಕಾಣುವಂತೆ ಬಿದ್ದ ಬೆಳಕಿನಲ್ಲಿ ಅಡಿಗೆಮನೆಯ ಈ ಉಪಾಯ ಪೂಜೆಯ ಗಾಂಭೀರ್ಯವನ್ನು ಪಡೆದಿದೆ. ಇದನ್ನು ಬರೆದು ಹೆಚ್ಚು ಕಾಲ ಕಳೆಯುವ ಮೊದಲೇ ಕೊತಾನ್ ಟೊಲೇಡೊ ನಗರದ ತನ್ನ ಅಂಗಡಿಯನ್ನು ಮುಚ್ಚಿ ಮಠವೊಂದನ್ನು ಸೇರಿದ. ಆತ ಸೇರಿದ್ದೂ ಮೊಸ್ಕೇನಿಯವರಂತೆ ಸೋದರನಾಗಿಯೇ.

ಸೌತೆಕಾಯಿಯನ್ನು ತೇವದಿಂದ ಕಾಪಾಡಲು ನಾರು ಸಾಕು. ಬಾವುಟಗುಡ್ಡೆಯ ಚಿತ್ರಗಳನ್ನು ಕಾಪಾಡುವುದಕ್ಕೆ ಅಷ್ಟು ಸುಲಭವಾದ ಉಪಾಯವಿಲ್ಲ. ಮಳೆಗಾಲದ ನೀರು ಸುಣ್ಣದ ಗೋಡೆಯೊಳಕ್ಕೆ ಇಳಿಯುತ್ತದೆ. ಬೇಸಗೆಯಲ್ಲಿ ಆರುವಾಗ ಒಳಗಿನ ಉಪ್ಪನ್ನು ಮೈಮೇಲಕ್ಕೆ ತರುತ್ತದೆ. ಉಪ್ಪು ಹರಳುಗಟ್ಟಿದ ಕಡೆ ಬಣ್ಣ ಹುಡಿಯಾಗಿ ಉದುರುತ್ತದೆ. ಕ್ಯಾನ್‌ವಾಸಿಗೆ ಬೂಷ್ಟು ಹಿಡಿಯುತ್ತದೆ, ಎಣ್ಣೆಬಣ್ಣ ಬಿರಿಯುತ್ತದೆ. ಶತಮಾನ ತುಂಬುವ ಮೊದಲೇ ಚಿಕಿತ್ಸೆಯ ಅಗತ್ಯ ಬಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಲಕ್ನೋ ಕೇಂದ್ರದ ತಜ್ಞರು ಬಂದು ಈ ಕೆಲಸವನ್ನು ಕೈಗೊಂಡರು. ಇಂಥ ಕೆಲಸದ ಕ್ರಮ ವೈದ್ಯರ ಕ್ರಮದಂತೆಯೇ. ಬೆರಳಿನಿಂದ ಮೆಲ್ಲನೆ ತಟ್ಟಿ ಎಲ್ಲಿ ಗಾರೆ ಪೊಳ್ಳಾಗಿದೆಯೆಂದು ಕೇಳಬೇಕು; ಪೊಳ್ಳಿಗೆ ಸೂಜಿಯಿಂದ ಸುಣ್ಣದ ತಿಳಿಯನ್ನು ತುಂಬಬೇಕು; ಹತ್ತಿಯ ಉಂಡೆಯಿಂದ ಅಂಗುಲ ಅಂಗುಲವಾಗಿ ಕೊಳೆ ತೆಗೆಯಬೇಕು. ಬಣ್ಣ ಹೋದಲ್ಲಿ ಹೋದಷ್ಟನ್ನೇ ತುಂಬಬೇಕು, ತನ್ನ ಜಾಣ್ಮೆಯನ್ನು ಸೇರಿಸಕೂಡದು. ಇಲ್ಲಿಯೂ ಸಂತನಿಗೂ ಗುಲಾಬಿಗೂ ಒಂದೇ ಹತ್ತಿ.

ಮಂಗಳೂರಿನ ಕೆಲಸ ಮುಗಿಸಿದ ಮೊಸ್ಕೇನಿಯವರು ಮುಂಬಯಿಯಲ್ಲಿಯೂ ಬರೆದು, ಕೊನೆಗೆ ಕೊಚ್ಚಿಯ ಸಾಂತಾಕ್ರೂಸ್ ಇಗರ್ಜಿಗೆ ಹೋದರು. ಜೊತೆಗೆ ಮಂಗಳೂರಿನ ಡಿ ಗಾಮ ಎಂಬ ಶಿಷ್ಯರಿದ್ದರು. ಅಲ್ಲಿನ ಚಿತ್ರಗಳಲ್ಲಿ ಲಿಯೊನಾರ್ಡೊ ಡ ವಿಂಚಿಯ ಮಾದರಿಯ ಕೊನೆಯ ಭೋಜನವೂ ಒಂದು. ಲಿಯೊನಾರ್ಡೊ ತನ್ನ ಮೂಲಚಿತ್ರವನ್ನು ಮಿಲಾನಿನ ಮಠದ ಊಟದ ಮನೆಯಲ್ಲಿ ಬರೆದ. ಹಸಿ ಗಾರೆಯ ಅವಸರ ತನ್ನ ಸಾವಕಾಶಕ್ಕೆ ಒಗ್ಗದೆಂದು ಒಣಗೋಡೆಯ ಮೇಲೆ ಬರೆದುದರಿಂದ ಅದು ಬೇಗನೆ ಕಳಚತೊಡಗಿತು. ಆ ಮೇಜಿನ ಮೇಲಿನ ರೊಟ್ಟಿ, ತಟ್ಟೆ, ಲೋಟಗಳನ್ನು ಯಾರು ಎಷ್ಟು ಹೊತ್ತು ನೋಡುತ್ತಾರೆ? ಹದಿಮೂರು ಮುಖಗಳು ಕಣ್ಣನ್ನು ಸೆಳೆದುಕೊಳ್ಳುತ್ತವೆ. ಆದರೂ ಮುಖಗಳ ಮೇಲಿನ ಗಾಬರಿಗೆ ಅಳತೆಗೋಲಾಗಿರುವುದು ಅಲುಗದೆ ಕುಳಿತ ಆ ತಟ್ಟೆಗಳೇ. ಕೊಚ್ಚಿಯ ಇಗರ್ಜಿಯ ಪ್ರತಿಷ್ಠೆಗೆ ನಾಲ್ಕು ದಿನ ಉಳಿದಿರುವಾಗ, 1905ರ ನವೆಂಬರ್ 15ರಂದು, ಮೊಸ್ಕೇನಿಯವರು ಕೊಚ್ಚಿಯಲ್ಲಿಯೇ ತೀರಿಕೊಂಡರು. ಅವರಿಗೆ ಆಗ ಐವತ್ತೊಂದು ವರ್ಷ.

ಪ್ರವಾಸಿಗೆ ಮಂಗಳೂರಿನಲ್ಲಿ ಇನ್ನೊಂದು ವಸ್ತುಚಿತ್ರವನ್ನು ನೋಡುವ ಆಸೆಯಿದ್ದರೆ ಏಪ್ರಿಲ್ ನಡುವಿಗೆ ಬರಬೇಕು. ಸಾಧ್ಯವಾದರೆ ಯಾರಾದರೊಬ್ಬ ಪರಿಚಿತರ ಮನೆಯಲ್ಲಿ ತಂಗಬೇಕು. ತುಳುವರ ಹೊಸ ವರ್ಷವಾದ ಬಿಸು ಹಬ್ಬದ ಹಿಂದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಮನೆಯ ಹಿರಿಯರು ದೇವರ ಮುಂದೆ ಕಣಿ ಇಡುತ್ತಾರೆ. ಬಾಳೆಯೆಲೆಯ ಮೇಲೆ ಅಕ್ಕಿ; ಅಕ್ಕಿಯ ಮೇಲೆ ತೆಂಗಿನಕಾಯಿ, ಸೌತೆಕಾಯಿ, ಹಲಸು, ಮಾವು, ಗೇರುಹಣ್ಣು; ವೀಳ್ಯದೆಲೆ, ಅಡಕೆ, ಹೂವು; ಒಂದು ಒಡವೆ; ಇವೆಲ್ಲದರ ಹಿಂದೆ ಒಂದು ಕನ್ನಡಿ. ಯಾವ ಚಿತ್ರಶಾಲೆಯ ಪಾಠವೂ ಇಲ್ಲದೆ ಅಜ್ಜಿ ಸೌತೆಕಾಯಿಯನ್ನು ಸ್ವಲ್ಪ ಎಡಕ್ಕೆ ಸರಿಸುತ್ತಾಳೆ, ಹೂವನ್ನು ಎತ್ತಿ ಮತ್ತೆ ಇಡುತ್ತಾಳೆ, ಹಿಂದೆ ಸರಿದು ನೋಡುತ್ತಾಳೆ. ತೃಪ್ತಿಯಾಗದೆ ಮತ್ತೆ ಬಾಗುತ್ತಾಳೆ. ಬೆಳಗಿನ ಜಾವ ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಕಣ್ಣು ಮುಚ್ಚಿಸಿ ಕರೆತರುತ್ತಾರೆ. ದೀಪದ ಬೆಳಕಿನಲ್ಲಿ ಕಣ್ಣು ತೆರೆದ ಮಗುವಿಗೆ ವರ್ಷದ ಮೊದಲ ನೋಟವಾಗಿ ಕಾಣುವುದು ಹಣ್ಣುಗಳು, ಹಣ್ಣುಗಳ ಹಿಂದಿನ ಕನ್ನಡಿಯಲ್ಲಿ ನಿದ್ದೆಗಣ್ಣಿನ ತನ್ನದೇ ಮುಖ.

ಆಮೇಲೆ ಹಿರಿಯರ ಕಾಲಿಗೆರಗುವುದು, ಹೊಸ ಬಟ್ಟೆ, ಬಂದವರಿಗೆ ಪಾನಕ, ಎಲ್ಲವೂ ಗಡಿಬಿಡಿ. ಹಗಲೇರುವ ಹೊತ್ತಿಗೆ ಒಡವೆ ಪೆಟ್ಟಿಗೆಗೆ ಹೋಗಿರುತ್ತದೆ, ಕನ್ನಡಿ ಗೋಡೆಯ ಮೊಳೆಗೆ. ಸೌತೆಕಾಯಿ ಅಡಿಗೆಮನೆಯ ಮೆಟ್ಟುಕತ್ತಿಯ ಮುಂದೆ ಎರಡು ಹೋಳಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಅದರದೇ ಹುಳಿ.